ಉಲ್ಕೆಯ ವಜ್ರಕ್ಕೆ ಹೆಸರಾದ ಮಹಿಳೆ: ಡೇಮ್ ಕ್ಯಾಥ್ಲೀನ್ ಲಾನ್ಸ್‌ಡೇಲ್

ಅಮೆರಿಕದ ಆರಿಜೋನಾ ಸಂಸ್ಥಾನದ ಬಯಲುಸೀಮೆಯಲ್ಲಿ ಸುಮಾರು ಮುಕ್ಕಾಲು ಮೈಲಿ ಅಗಲವುಳ್ಳ ಒಂದು ಮಹಾ ಕುಳಿಯಿದೆ. ಸುಮಾರು ೫೦,೦೦೦ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಕಬ್ಬಿಣದ ಉಲ್ಕೆಯೊಂದು ನೆಲಕ್ಕೆ ಅಪ್ಪಳಿಸಿದ್ದರಿಂದ ಅದು ಉಂಟಾಯಿತು. ಕುಳಿಯ ಸುತ್ತಲೂ ಚೆದರಿ ಬಿದ್ದಿರುವ ಕಬ್ಬಿಣದ ತುಂಡುಗಳಿಗೆ ಕ್ಯಾನಿಯನ್ ಡಯಾಬ್ಲೊ ಉಲ್ಕೆಯೆಂದು ಹೆಸರು. ೧೮೯೧ರಲ್ಲಿ ಈ ತುಂಡುಗಳಲ್ಲೊಂದನ್ನು ಕೊಯ್ಯಲು ಹೊರಟವರಿಗೆ ಅವರ ಉಳಿಗಳು ಹಾಳಾದವೇ ಹೊರತು ಕಬ್ಬಿಣವು ಸುಲಭವಾಗಿ ಬಾಗಿಕೊಡಲಿಲ್ಲ. ಒಳಗೆ ಅಡಗಿದ್ದ ಸಣ್ಣ ಸಣ್ಣ ಕಪ್ಪು ಕಾಳುಗಳೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಅವು ವಜ್ರಗಳಾಗಿದ್ದವು. ಆಭರಣಕ್ಕೆ ಬರತಕ್ಕವುಗಳಲ್ಲ, ಆದರೂ ವಜ್ರಗಳೇ.

ಅದೇ ಉಲ್ಕೆಯಲ್ಲಿ ೧೯೬೭ರಲ್ಲಿ ಬೇರೊಂದು ಜಾತಿಯ ವಜ್ರವು ಗುರುತಿಸಲ್ಪಟ್ಟು, ಅದಕ್ಕೆ ಲಾನ್ಸ್‌ಡೇಲೈಟ್ ಎಂದು ನಾಮಕರಣವಾಯಿತು. ಖನಿಜಗಳಿಗೆ ರಾಜರ, ದೊರೆಗಳ, ಪಂಡಿತರ ಹೆಸರುಗಳನ್ನಿಡುವುದು ಹಳೆಯ ಪದ್ಧತಿ. ಈ ಹೆಸರಾದರೋ ಒಬ್ಬ ಹೆಂಗಸಿನದು. ಹೆಣ್ಣುಮಕ್ಕಳ ಹೈಸ್ಕೂಲೊಂದರ ಬೆಂಚಿನ ಮೇಲೆ ಕುಳಿತು ಓದಿ, ಮೂವರು ಮಕ್ಕಳನ್ನು ಸಾಕಿ, ಮನಸ್ಸಾಕ್ಷಿಯ ನಿಮಿತ್ತ ಒಂದು ತಿಂಗಳು ಸೆರೆಮನೆಯಲ್ಲಿದ್ದು, ಕಡೆಗೆ ಜಗತ್ತಿನ ಸ್ಫಟಿಕಶಾಸ್ತ್ರಜ್ಞರೆಲ್ಲರ ಅಧ್ಯಕ್ಷಿಣಿಯಾದ ಈ ಮಹಿಳೆಯ ಚರಿತ್ರೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ಹೆತ್ತವರ ಮುಂದೆ ಇಡುವುದು ಉಚಿತವೆಂದು ನಾವು ಎಣಿಸಿದ್ದೇವೆ.

ಕ್ಯಾಥ್ಲೀನ್ ಯಾರ್ಡ್ಲಿ ೧೯೦೩ನೆಯ ಇಸವಿ ಜನವರಿ ೨೮ರಂದು ಐರ್ಲೆಂಡಿನ ಕಿಲ್ಡೇರ್ ಸೀಮೆಯ ನ್ಯೂಬ್ರಿಜ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆ ಅಲ್ಲಿಯ ಪೋಸ್ಟ್‌ಮಾಸ್ಟರು. ಹತ್ತು ಮಂದಿ ಮಕ್ಕಳಲ್ಲಿ ಈಕೆಯೇ ಕಡೆಯವಳು. ಅಣ್ಣಂದಿರಲ್ಲಿ ನಾಲ್ವರು ಶೈಶವದಲ್ಲಿಯೇ ತೀರಿಹೋದರು. ತಂದೆಗೆ ಓದುವ ಹವ್ಯಾಸವಿದ್ದಂತೆ ಕುಡಿಯುವ ಚಟವೂ ಇದ್ದುದರಿಂದ ಮನೆಯಲ್ಲಿ ದಾರಿದ್ರ್ಯವು ನೆಲೆಸಿತ್ತು. ೧೯೦೮ರಲ್ಲಿ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದು, ಲಂಡನ್ನಿಗೆ ಸಮೀಪದ ಸೆವೆನ್ ಕಿಂಗ್ಸ್ ಎಂಬಲ್ಲಿ ಮನೆಮಾಡಿದಳು. ಹಿರಿಯ ಮಕ್ಕಳು ಓದನ್ನು ಅರ್ಧಕ್ಕೆ ಬಿಟ್ಟು ಸಂಪಾದನೆಗೆ ಇಳಿಯಬೇಕಾಯಿತು. ಅವರ ದುಡಿಮೆಯ ನೆರಳಿನಲ್ಲಿಯೇ ಕಿರಿಯವಳ ಓದು ಸಾಗಿತೆಂಬುದನ್ನು ನಾವು ಮರೆಯಲಾಗದು. ಒಬ್ಬಳ ಕೀರ್ತಿಯ ಹಿಂದೆ ಶಾಲೆ ಬಿಟ್ಟ ಅಣ್ಣ ಅಕ್ಕಂದಿರ ಸಾಲೇ ಇರುವುದು ನಮ್ಮ ದೇಶದಲ್ಲಿಯೂ ಹೊಸದಲ್ಲ.

೧೯೧೪ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಕ್ಯಾಥ್ಲೀನಳು ಇಲ್ಫರ್ಡಿನ ಹೆಣ್ಣುಮಕ್ಕಳ ಹೈಸ್ಕೂಲನ್ನು ಸೇರಿದಳು. ಅಲ್ಲಿ ಬಾಲಿಕೆಯರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಉಚ್ಚ ಗಣಿತಗಳ ಪಾಠಕ್ಕೆ ಏರ್ಪಾಡಿರಲಿಲ್ಲ. ಹುಡುಗಿ ಹಿಂಜರಿಯಲಿಲ್ಲ, ಆ ಪಾಠಗಳಿಗಾಗಿ ಗಂಡುಮಕ್ಕಳ ಹೈಸ್ಕೂಲಿಗೆ ಹೋಗಿ ಬರುತ್ತಿದ್ದಳು. ಆ ತರಗತಿಗಳಲ್ಲಿ ಹೆಣ್ಣೆಂಬುವವಳು ಈಕೆಯೊಬ್ಬಳೇ. ಅದು ಮೊದಲನೆಯ ಮಹಾಯುದ್ಧದ ಕಾಲ. ಜರ್ಮನರ ಜೆಪ್ಪೆಲಿನ್ ವಿಮಾನಗಳು ಬೆಂಕಿ ಹತ್ತಿ ಆಕಾಶದಿಂದ ಉರುಳುವುದನ್ನು ಕಂಡು, ಅದರೊಳಗೆ ಬೇಯುವವರೂ ಯಾರೋ ತಾಯಂದಿರ ಮಕ್ಕಳೆಂದು ಆಕೆಯ ತಾಯಿ ಅತ್ತಳಂತೆ. ಆ ಕಣ್ಣೀರು ಮಗಳ ಮನಸ್ಸಿನಲ್ಲಿ ಉಳಿಯಿತು.

ಹದಿನಾರನೆಯ ವಯಸ್ಸಿಗೆ ಲಂಡನ್ನಿನ ಸ್ತ್ರೀಯರ ಬೆಡ್‌ಫರ್ಡ್ ಕಾಲೇಜನ್ನು ಸೇರಿ, ಮೊದಲು ಗಣಿತವನ್ನು ಆರಿಸಿಕೊಂಡು, ಬಳಿಕ ಭೌತಶಾಸ್ತ್ರಕ್ಕೆ ತಿರುಗಿದಳು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯು ಇದು ಬೇಡವೆಂದೂ, ಆ ಶಾಸ್ತ್ರದಲ್ಲಿ ಹುಡುಗಿಯು ಹೆಸರು ಗಳಿಸುವುದು ದುಸ್ತರವೆಂದೂ ಬುದ್ಧಿ ಹೇಳಿದ್ದುಂಟು. ೧೯೨೨ರ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಈಕೆ ಲಂಡನ್ ವಿಶ್ವವಿದ್ಯಾನಿಲಯಕ್ಕೇ ಮೊದಲನೆಯವಳಾಗಿ, ಹಿಂದಿನ ಹತ್ತು ವರ್ಷಗಳಲ್ಲಿ ಯಾರೂ ಪಡೆಯದಷ್ಟು ಅಂಕಗಳನ್ನು ಪಡೆದಳು. ಪರೀಕ್ಷಕರಲ್ಲೊಬ್ಬರಾದ ಸರ್ ವಿಲಿಯಂ ಬ್ರಾಗ್‌ರವರು ಆಕೆಯನ್ನು ಕರೆದು ತಮ್ಮ ಸಂಶೋಧಕರ ಗುಂಪಿನಲ್ಲಿ ಸ್ಥಾನ ಕೊಟ್ಟರು; ಮರುವರ್ಷ ತಮ್ಮೊಡನೆ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಕರೆದೊಯ್ದರು.

ಬ್ರಾಗ್‌ರ ವಿದ್ಯೆ ಏನೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಉಪ್ಪು, ಸಕ್ಕರೆ, ವಜ್ರ ಮುಂತಾದ ಸ್ಫಟಿಕಗಳಲ್ಲಿ ಪರಮಾಣುಗಳು ಅಂಗಳದ ರಂಗವಲ್ಲಿಯ ಚುಕ್ಕಿಗಳಂತೆ ಕ್ರಮವಾಗಿ ಸಾಲುಗೂಡಿ ನಿಂತಿರುತ್ತವೆ. ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಆ ಚುಕ್ಕಿಗಳು ಕಾಣವು. ಆದರೆ ಸ್ಫಟಿಕದ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದರೆ ಅವು ಗೊತ್ತಾದ ಕೋನಗಳಲ್ಲಿ ಚೆದರಿ ಫೋಟೋ ತಗಡಿನ ಮೇಲೆ ಕಲೆಗಳನ್ನೋ ಗೆರೆಗಳನ್ನೋ ಮೂಡಿಸುತ್ತವೆ. ಆ ಕಲೆಗಳನ್ನು ಅಳೆದು, ಲೆಕ್ಕ ಹಾಕಿ, ಒಳಗಿನ ಚುಕ್ಕಿಗಳ ಸ್ಥಾನವನ್ನು ನಿರ್ಣಯಿಸುವುದೇ ಈ ವಿದ್ಯೆ. ಇಂತಹ ರಂಗವಲ್ಲಿಗಳು ಮೂರು ದಿಕ್ಕುಗಳಲ್ಲಿ ೨೩೦ ಬಗೆಗಳಲ್ಲದೆ ಹೆಚ್ಚಿಲ್ಲವೆಂದು ಗಣಿತಜ್ಞರು ಮೊದಲೇ ಸಿದ್ಧಮಾಡಿದ್ದರು. ಒಂದೊಂದು ಬಗೆಯನ್ನೂ ಕ್ಷ-ಕಿರಣಗಳ ಗುರುತುಗಳಿಂದ ಹೇಗೆ ಪತ್ತೆಮಾಡುವುದೆಂಬ ಕೋಷ್ಟಕಗಳನ್ನು ಕ್ಯಾಥ್ಲೀನಳು ಆಸ್ಟ್‌ಬರಿ ಎಂಬ ಸಂಗಡಿಗನೊಡನೆ ೧೯೨೪ರಲ್ಲಿ ಪ್ರಕಟಿಸಿದಳು. ಆಗ ಆಕೆಗೆ ೨೧ ವರ್ಷ. ಈ ಕೋಷ್ಟಕಗಳ ವಂಶಕ್ಕೆ ಸೇರಿದ ಅಂತರರಾಷ್ಟ್ರೀಯ ಕೋಷ್ಟಕಗಳನ್ನು ಮುಂದೆ ಅನೇಕ ವರ್ಷ ಆಕೆಯೇ ಸಂಪಾದಿಸಬೇಕಾಯಿತು. ಅವುಗಳ ಮೊದಲನೆಯ ಸಂಪುಟವು ೧೯೫೨ರಲ್ಲಿ ಹೊರಟಿತು.

೧೯೨೭ರಲ್ಲಿ ಥಾಮಸ್ ಲಾನ್ಸ್‌ಡೇಲ್ ಎಂಬುವರೊಡನೆ ವಿವಾಹವಾಗಿ ದಂಪತಿಗಳು ಲೀಡ್ಸ್ ಪಟ್ಟಣಕ್ಕೆ ಹೋದರು. ಮದುವೆಯಾದವರನ್ನು ಅಮ್ಮನವರೆಂದು ಕರೆಯುವುದೇ ನಮ್ಮ ವಾಡಿಕೆಯಾದಕಾರಣ ಇನ್ನು ಮುಂದೆ ಹಾಗೆಯೇ ಬರೆಯುವೆವು. ಅಮ್ಮನವರಿಗೆ ಸಂಶೋಧನೆಯನ್ನು ಬಿಟ್ಟು ಗೃಹಿಣಿಯಾಗಿರಬೇಕೆಂಬ ಯೋಚನೆ ಬಂದಿತ್ತು. ಅದಕ್ಕೆ ಸಮ್ಮತಿಸದವರು ಪತಿಯೇ. ಪುಕ್ಕಟೆ ಅಡಿಗೆಯವಳಿಗಾಗಿ ತಾನು ಮದುವೆಯಾಗಲಿಲ್ಲವೆಂದು ಅವರು ಹೇಳಿದರಂತೆ. ಇಂತಹ ಗಂಡಂದಿರ ಸಂಖ್ಯೆ ಆ ಕಾಲದಲ್ಲಿ ಹೆಚ್ಚಾಗಿರಲಿಲ್ಲ. ಈಗಲೂ ಲೆಕ್ಕಕ್ಕೆ ಮೀರಿದಷ್ಟಿದೆಯೆಂದು ನಾವು ಹೇಳಲಾರೆವು.

ಲೀಡ್ಸಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್ ಇಂಗೋಲ್ಡ್‌ರವರು ಹೆಕ್ಸಾಮೀಥೈಲ್ ಬೆಂಜೀನ್ ಎಂಬ ವಸ್ತುವಿನ ಸ್ಫಟಿಕಗಳನ್ನು ಅಮ್ಮನವರಿಗೆ ಕೊಟ್ಟರು. ಬೆಂಜೀನಿನಲ್ಲಿ ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ಬಳೆಯಂತೆ ಕೂಡಿವೆಯೆಂದು ೧೮೬೫ರಲ್ಲಿಯೇ ಕೆಕುಲೆ ಎಂಬ ಪಂಡಿತನು ಊಹಿಸಿದ್ದನು. ಆದರೆ ಆ ಬಳೆಯು ನೆಲದ ಮೇಲಿಟ್ಟ ತಟ್ಟೆಯಂತೆ ಸಮತಲವಾಗಿದೆಯೋ, ಅಥವಾ ಏರಿಳಿತವಾಗಿ ಸೊಟ್ಟಗಿದೆಯೋ? ವಜ್ರದಲ್ಲಿಯೂ ಇಂಗಾಲದ ಆರುಮೂಲೆಯ ಬಳೆಗಳಿವೆ; ಅವು ಸೊಟ್ಟ. ಸೀಸದ ಕಡ್ಡಿಯ ಗ್ರಾಫೈಟಿನಲ್ಲಿರುವವು ಸಮತಲ. ಬೆಂಜೀನಿನ ಬಳೆಯೂ ವಜ್ರದಂತೆ ಸೊಟ್ಟಗಿರಬೇಕೆಂದು ಗುರುಗಳಾದ ಬ್ರಾಗ್‌ರವರ ಅಭಿಪ್ರಾಯವಾಗಿತ್ತು. ಶಿಷ್ಯೆಯು ೧೯೨೯ರಲ್ಲಿ ಅಳೆದು ನೋಡಿದಾಗ ಅದು ಸಮತಲವೆಂದು ನಿಸ್ಸಂದೇಹವಾಗಿ ತೋರಿತು. ಗುರುವಿನ ಮಾತಿಗೆ ಎದುರಾದ ಫಲವನ್ನು ಆಕೆ ಮುಚ್ಚಿಡಲಿಲ್ಲ. ಗುರುವೂ ಅದಕ್ಕಾಗಿ ಮುನಿಯಲಿಲ್ಲ. ಈ ಸೊಟ್ಟ ಬಳೆ, ಚಪ್ಪಟೆ ಬಳೆಗಳ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು. ಉಲ್ಕೆಯ ಕಥೆಗೆ ಇದೇ ಬೀಗದ ಕೈ.

ಅದೇ ವರ್ಷ ಮೊದಲ ಮಗಳು ಹುಟ್ಟಿದಳು. ೧೯೩೧ರಲ್ಲಿ ಎರಡನೆಯವಳು, ೧೯೩೪ರಲ್ಲಿ ಮಗನು. ಕುಟುಂಬವು ಲಂಡನ್ನಿಗೆ ಹಿಂತಿರುಗಿದ ಮೇಲೆ ಅಮ್ಮನವರು ಕೆಲವು ಕಾಲ ಮನೆಯಲ್ಲಿಯೇ ಕುಳಿತು, ಕೂಸುಗಳು ಮಲಗಿದ ಹೊತ್ತಿನಲ್ಲಿ ಲೆಕ್ಕಗಳನ್ನು ಮಾಡುತ್ತಿದ್ದರು. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಒಂದು ಸ್ಫಟಿಕದ ಲೆಕ್ಕವೆಂದರೆ ಎಷ್ಟು ದೀರ್ಘ ಶ್ರಮವೆಂಬುದನ್ನು ಊಹಿಸಬಹುದು. ಬ್ರಾಗ್‌ರವರು ಮನೆಗೆಲಸಕ್ಕೆ ಒಬ್ಬಳನ್ನಿಟ್ಟುಕೊಳ್ಳಲು ಧನಸಹಾಯವನ್ನು ದೊರಕಿಸಿಕೊಟ್ಟು, ಶಿಷ್ಯೆಯನ್ನು ಮತ್ತೆ ಪ್ರಯೋಗಶಾಲೆಗೆ ಬರಮಾಡಿಕೊಂಡರು. ಪಂಡಿತನೊಬ್ಬನು ಶಿಷ್ಯೆಯ ಮನೆಯ ಪಾತ್ರೆ ತೊಳೆಯುವ ಚಿಂತೆಯನ್ನೂ ವಿಜ್ಞಾನದ ಲೆಕ್ಕಕ್ಕೆ ಸೇರಿಸಿದ್ದು ನಮಗೆ ಬಹಳ ಮೆಚ್ಚುಗೆಯ ವಿಷಯ.

ಇಲ್ಲಿಂದ ಮುಂದೆ ವಜ್ರವೇ ಅಮ್ಮನವರ ಸಂಗಾತಿಯಾಯಿತು; ಅದರಿಂದಲೇ ನಮ್ಮ ಬೆಂಗಳೂರಿಗೂ ಅವರಿಗೂ ಒಂದು ಸಂಬಂಧವುಂಟಾಯಿತು. ೧೯೪೦ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸರ್ ಸಿ. ವಿ. ರಾಮನ್‌ರವರೂ ನೀಲಕಂಠನ್ ಎಂಬುವರೂ ವಜ್ರದ ಕ್ಷ-ಕಿರಣ ಚಿತ್ರಗಳಲ್ಲಿ ಸಾಮಾನ್ಯ ಕಲೆಗಳಲ್ಲದೆ ಬೇರೆ ಕೆಲವು ಹೆಚ್ಚಿನ ಕಲೆಗಳನ್ನು ಕಂಡು ಪ್ರಕಟಿಸಿದರು. ಅವು ಪೂರ್ತಿಯಾಗಿ ಹೊಸದೊಂದು ಬಗೆಯ ಪ್ರತಿಫಲನವೆಂದು ರಾಮನ್‌ರವರ ವಾದ. ಲಂಡನ್ನಿನಲ್ಲಿ ಅಮ್ಮನವರು ಸ್ಮಿತ್ ಎಂಬ ಸಹಾಯಕನೊಡನೆ ಅನೇಕ ವಜ್ರಗಳನ್ನು ಪರೀಕ್ಷಿಸಿ, ಆ ಕಲೆಗಳು ಎರಡು ತೆರನೆಂದು ತೋರಿಸಿದರು: ಒಂದು ತೆರನವು ಎಲ್ಲ ವಜ್ರಗಳಲ್ಲಿಯೂ ಇದ್ದು, ಶಾಖದಿಂದ ಪರಮಾಣುಗಳು ನಡುಗುವುದರಿಂದ ಉಂಟಾಗುವವು, ಮತ್ತೊಂದು ತೆರನವು ಕೆಲವು ವಜ್ರಗಳಲ್ಲಿ ಮಾತ್ರ ಇದ್ದು, ಅವುಗಳ ಒಳರಚನೆಯ ದೋಷಗಳಿಗೆ ಸಂಬಂಧಪಟ್ಟವು. ಈ ವಾಗ್ವಾದವು ಪತ್ರಿಕೆಗಳಲ್ಲಿ ಹಲವು ವರ್ಷ ನಡೆಯಿತು. ಬಹುಮಂದಿ ಪಂಡಿತರು ಅಮ್ಮನವರ ಕಡೆಗೆ ವಾಲಿದರು. ಆದರೂ ವಜ್ರವೆಲ್ಲ ಒಂದೇ ಅಲ್ಲ, ಅದರೊಳಗೂ ಭೇದಗಳಿವೆಯೆಂಬ ಮಾತು ಜಗತ್ತಿಗೆ ಸ್ಪಷ್ಟವಾದದ್ದು ಬೆಂಗಳೂರಿನ ಕಿಡಿಯಿಂದಲೇ ಎಂದು ಹೇಳಿದರೆ ತಪ್ಪಾಗದು.

ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ ಅಮ್ಮನವರ ಜೀವನದ ಅತಿ ಕಠಿಣ ಪರೀಕ್ಷೆ ಬಂದಿತು. ಬಾಲ್ಯದಲ್ಲಿ ಬ್ಯಾಪ್ಟಿಸ್ಟ್ ಪಂಗಡದಲ್ಲಿ ಬೆಳೆದ ಅವರು ೧೯೩೫ರಲ್ಲಿ ಪತಿಯೊಡನೆ ಕ್ವೇಕರರೆಂಬ ಸ್ನೇಹಿತರ ಸಂಘವನ್ನು ಸೇರಿದ್ದರು. ಯುದ್ಧವು ಪಾಪವೆಂಬುದು ಆ ಸಂಘದ ನಂಬಿಕೆ. ಸರಕಾರವು ಸ್ತ್ರೀಯರೂ ನಾಗರಿಕ ರಕ್ಷಣೆಯ ಕೆಲಸಕ್ಕೆ ಹೆಸರು ಬರೆಸಬೇಕೆಂದು ಕಾನೂನು ಮಾಡಿತು. ಹದಿನಾಲ್ಕು ತುಂಬದ ಮಕ್ಕಳಿದ್ದ ಕಾರಣ, ಹೆಸರು ಬರೆಸಿದ್ದರೆ ಅಮ್ಮನವರಿಗೆ ವಿನಾಯಿತಿ ಸಿಗುತ್ತಿತ್ತು. ಬೆಂಕಿ ಕಾಯುವ ಕೆಲಸವನ್ನು ಸ್ವಂತ ಇಚ್ಛೆಯಿಂದ ಮಾಡಲೂ ಅವರಿಗೆ ಅಭ್ಯಂತರವಿರಲಿಲ್ಲ. ಆದರೆ ಯುದ್ಧದ ನಿಮಿತ್ತವಾದ ಬಲವಂತಕ್ಕೆ ತಲೆಬಾಗಲಾರೆನೆಂದು ಹೆಸರನ್ನು ಬರೆಸಲಿಲ್ಲ. ನ್ಯಾಯಸ್ಥಾನವು ೨ ಪೌಂಡ್ ಜುಲ್ಮಾನೆ ವಿಧಿಸಿತು, ಅದನ್ನೂ ಕೊಡಲಿಲ್ಲ. ೧೯೪೩ರಲ್ಲಿ ಒಂದು ತಿಂಗಳು ಹಾಲೋವೇ ಸೆರೆಮನೆಗೆ ಹೋದರು.

ಎರಡು ಪೌಂಡಿಗಾಗಿ ಮೂವರು ಮಕ್ಕಳ ತಾಯಿ ಸೆರೆಮನೆಗೆ ಹೋದದ್ದು ಸರಿಯೋ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ದೇಶವೆಲ್ಲ ಬಾಂಬುಗಳ ಕೆಳಗಿದ್ದಾಗ ಇದು ಹಟವೆಂದು ಆ ಕಾಲದಲ್ಲಿ ಎಣಿಸಿದವರಿದ್ದರು. ನಾವು ಈ ವಾದಕ್ಕೆ ತೀರ್ಪು ಕೊಡಹೊರಡುವುದಿಲ್ಲ. ಆದರೆ ಸುಲಭವಾದ ಬಾಗಿಲು ತೆರೆದಿದ್ದರೂ ಅದರೊಳಗೆ ನುಸುಳದವರ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯಲಾರರು. ಸೆರೆಮನೆಯಲ್ಲಿ ಅವರು ಇತರ ಕೈದಿಗಳಂತೆ ನೆಲ ತೊಳೆದರು. ಅನುಮತಿ ಪಡೆದು ಕಾಗದಪತ್ರಗಳನ್ನು ತರಿಸಿಕೊಂಡು ಸಂಜೆಗಳಲ್ಲಿ ಸ್ಫಟಿಕಗಳ ಲೆಕ್ಕವನ್ನು ಮುಂದುವರಿಸಿದರು. ಕಳ್ಳತನಕ್ಕಾಗಿ, ವ್ಯಭಿಚಾರಕ್ಕಾಗಿ ಬಂದಿದ್ದ ಹೆಂಗಸರ ನಡುವೆ ಕಳೆದ ಆ ದಿನಗಳು ಅವರ ಮನಸ್ಸನ್ನು ಬಹಳವಾಗಿ ಕಲಕಿದವು. ಹೊರಬಂದ ಮೇಲೆ ಸ್ತ್ರೀಯರ ಸೆರೆಮನೆಯ ದುಃಸ್ಥಿತಿಯ ಬಗ್ಗೆ ಬರೆದು ಪ್ರಕಟಿಸಿದರು. ಮುಂದೆ ಬಹುಕಾಲ ಸೆರೆಮನೆಗಳಿಗೆ ಭೇಟಿ ಕೊಡುವ ಸಮಿತಿಗಳಲ್ಲಿ ಸೇವೆ ಮಾಡಿದರು.

ಸೆರೆಯಿಂದ ಬಂದು ಎರಡು ವರ್ಷವಾಗುವಷ್ಟರಲ್ಲಿ, ೧೯೪೫ರ ಮಾರ್ಚ್ ೨೨ರಂದು, ೧೬೬೦ರಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯು ಮೊತ್ತಮೊದಲು ಇಬ್ಬರು ಸ್ತ್ರೀಯರನ್ನು ತನ್ನ ಫೆಲೋಗಳಾಗಿ ಆರಿಸಿತು. ಒಬ್ಬರು ಮಾರ್ಜರಿ ಸ್ಟೀವನ್‌ಸನ್. ಮತ್ತೊಬ್ಬರು ಜುಲ್ಮಾನೆ ಕೊಡದ ನಮ್ಮ ಅಮ್ಮನವರು. ಬಳಿಕ ಗೌರವಗಳು ಒಂದರ ಮೇಲೊಂದು ಬಂದವು: ೧೯೪೯ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಪದವಿ, ೧೯೫೬ರಲ್ಲಿ ಡೇಮ್ ಎಂಬ ಬಿರುದು, ೧೯೫೭ರಲ್ಲಿ ಡೇವಿ ಪದಕ. ರಾಣಿಯವರ ಅರಮನೆಗೆ ಹೋಗುವಾಗ ಧರಿಸಿದ ಟೋಪಿಯನ್ನು ಅಂಗಡಿಯಲ್ಲಿ ಕೊಳ್ಳದೆ ಲೇಸು, ರಟ್ಟು, ರಿಬ್ಬನ್ನುಗಳಿಂದ ತಾವೇ ಮಾಡಿಕೊಂಡಿದ್ದರೆಂದು ಹೇಳುತ್ತಾರೆ.

ಇನ್ನು ಉಲ್ಕೆಗೆ ಬರೋಣ. ಉಲ್ಕೆಯೊಳಗಿನ ಖನಿಜವನ್ನು ಗುರುತಿಸುವುದು ಬಹು ಎಚ್ಚರಿಕೆಯ ಕೆಲಸ. ಕಬ್ಬಿಣವನ್ನು ಆಮ್ಲದಲ್ಲಿ ಕರಗಿಸಿದರೆ ತಳದಲ್ಲಿ ಕರಗದ ಕಪ್ಪು ಪುಡಿಯೊಂದು ಉಳಿಯುತ್ತದೆ. ಅದರಲ್ಲಿ ಗ್ರಾಫೈಟೂ, ವಜ್ರವೂ, ಮತ್ತಿತರ ವಸ್ತುಗಳೂ ಬೆರೆತಿರುತ್ತವೆ. ಫ್ರಾನ್ಸಿನ ಮ್ವಾಸಾನ್ ಎಂಬ ಪ್ರಖ್ಯಾತ ರಸಾಯನಶಾಸ್ತ್ರಜ್ಞನು ಇದೇ ಕ್ಯಾನಿಯನ್ ಡಯಾಬ್ಲೊ ಉಲ್ಕೆಯಲ್ಲಿ ಕಂಡ ಹರಳುಗಳನ್ನು ೧೮೯೩ರಲ್ಲಿ ವಜ್ರವೆಂದು ಎಣಿಸಿ, ೧೯೦೪ರಲ್ಲಿ ಅವು ಸಿಲಿಕಾನ್ ಕಾರ್ಬೈಡ್ ಎಂದು ತಿದ್ದಿಕೊಂಡನು. ಆ ವಸ್ತುವನ್ನು ಸಾಣೆಗಾಗಿ ಕಾರ್ಖಾನೆಗಳಲ್ಲಿ ತಯಾರಿಸುತ್ತಿದ್ದುದರಿಂದ, ಕೊಯ್ಯುವ ಹತ್ಯಾರಿನಿಂದಲೇ ಅದು ಉಲ್ಕೆಗೆ ಅಂಟಿತೆಂದು ಸಂದೇಹಪಟ್ಟವರೂ ಉಂಟು. ಕಠಿಣತೆ, ಬಣ್ಣ, ತೂಕ ಇವುಗಳನ್ನು ಮಾತ್ರ ನಂಬಿದರೆ ಹೀಗೆ ಮೋಸಹೋಗುವುದು ಸಾಧ್ಯ. ಕ್ಷ-ಕಿರಣಗಳ ಸಾಕ್ಷ್ಯವು ಇದಕ್ಕಿಂತ ಗಟ್ಟಿಯಾದದ್ದು. ಚಿಟಿಕೆಯಷ್ಟು ಪುಡಿಯ ಮೇಲೆ ಕಿರಣ ಬಿಟ್ಟರೆ ಒಂದೊಂದು ಖನಿಜವೂ ತನ್ನ ತನ್ನ ಗೆರೆಗಳನ್ನು ಬರೆದುಕೊಡುತ್ತದೆ.

ಅಮೆರಿಕದ ಕ್ಲಿಫರ್ಡ್ ಫ್ರಾಂಡೆಲ್‌ರವರೂ ಅರ್ಸುಲಾ ಮಾರ್ವಿನ್ ಎಂಬ ವಿದುಷಿಯೂ ಕ್ಯಾನಿಯನ್ ಡಯಾಬ್ಲೊದ ವಜ್ರಗಳನ್ನು ಹೀಗೆ ಪರೀಕ್ಷಿಸಿದಾಗ, ಸಾಧಾರಣ ವಜ್ರದ ಗೆರೆಗಳ ಪಕ್ಕದಲ್ಲಿ ಬೇರೆ ಗೆರೆಗಳೂ ಇದ್ದವು. ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಸಾಧಾರಣ ವಜ್ರದ ಮುಖ್ಯ ಗೆರೆಯು ೨.೦೬ ಆಂಗ್‌ಸ್ಟ್ರಾಮ್ ಅಂತರದ ಪದರಗಳಿಂದ ಬರುತ್ತದೆ. ಈ ಹೊಸದರಲ್ಲಿ ಅದಲ್ಲದೆ ೨.೧೮ಕ್ಕೂ ೧.೯೩ಕ್ಕೂ ಗೆರೆಗಳಿದ್ದವು. ಇದರ ಅರ್ಥವನ್ನು ಸಂತೆಯಲ್ಲಿ ಕಿತ್ತಳೆಹಣ್ಣುಗಳನ್ನು ಪೇರಿಸುವವನಿಂದ ಕಲಿಯಬಹುದು. ಒಂದು ಸಾಲಿನ ತಗ್ಗುಗಳಲ್ಲಿ ಎರಡನೆಯ ಸಾಲನ್ನಿಟ್ಟ ಮೇಲೆ, ಮೂರನೆಯ ಸಾಲನ್ನು ಮೊದಲನೆಯದರ ನೇರಕ್ಕೆ ಇಡಬಹುದು, ಇಲ್ಲವೆ ಬೇರೊಂದು ತಗ್ಗಿಗೆ ಸರಿಸಿ ಇಡಬಹುದು. ಸರಿಸಿ ಇಡುವ ಕ್ರಮವು ಸಾಧಾರಣ ವಜ್ರದ್ದು. ನೇರಕ್ಕೆ ಇಡುವ ಕ್ರಮವು ಈ ಹೊಸ, ಷಟ್ಕೋನ ಜಾತಿಯ ವಜ್ರದ್ದು. ಉಲ್ಕೆಯೊಳಗಿನ ಗ್ರಾಫೈಟಿನ ಚಪ್ಪಟೆ ಬಳೆಗಳು ಅಪ್ಪಳಿಸಿದ ಪೆಟ್ಟಿಗೆ ಒಮ್ಮೆಲೇ ಸೊಟ್ಟಗಾಗಿ ಒಂದಕ್ಕೊಂದು ಹೆಣೆದುಕೊಂಡಾಗ ಇದು ಉಂಟಾಯಿತೆಂದು ಅವರು ತಿಳಿದರು. ನಮ್ಮ ಅಸ್ಸಾಮಿನ ಗೋಲ್ಪಾರಾದಲ್ಲಿ ೧೮೬೮ರಲ್ಲಿ ದೊರೆತ ಉಲ್ಕೆಯಲ್ಲಿಯೂ ಇದೇ ವಜ್ರವು ೧೯೬೭ರಲ್ಲಿ ಕಂಡುಬಂದಿತು.

ಅಮ್ಮನವರು ಈ ಉಲ್ಕೆಗಳನ್ನು ತಾವಾಗಿ ಶೋಧಿಸಿದವರಲ್ಲ. ಆದರೂ ಚಪ್ಪಟೆ ಬಳೆ, ಸೊಟ್ಟ ಬಳೆಗಳೆರಡನ್ನೂ ಅಳೆದು, ಸಹಜ ವಜ್ರ, ಕೃತಕ ವಜ್ರಗಳೆರಡನ್ನೂ ಪರೀಕ್ಷಿಸಿ, ಗೆರೆಗಳನ್ನು ಓದುವ ಕೋಷ್ಟಕಗಳನ್ನು ಜಗತ್ತಿಗೆ ಕೊಟ್ಟವರ ಹೆಸರನ್ನು ಈ ಖನಿಜಕ್ಕೆ ಇಡುವುದೇ ನ್ಯಾಯವೆಂದು ಫ್ರಾಂಡೆಲ್‌ರವರಿಗೆ ತೋರಿತು. ಈ ಸಂಗತಿಯು ತಿಳಿದಾಗ ಅಮ್ಮನವರು, ಖನಿಜವು ಅತ್ಯಲ್ಪ ಪ್ರಮಾಣದಲ್ಲಿ ದೊರೆಯುವುದೂ ಸಾಮಾನ್ಯವಾಗಿ ಕಲಬೆರಕೆಯಾಗಿರುವುದೂ ತಮ್ಮ ಸ್ವಭಾವಕ್ಕೆ ಒಪ್ಪುತ್ತದೆಯೆಂದು ವಿನೋದವಾಗಿ ಬರೆದು ಕಳುಹಿಸಿದರು.

ಆ ಕಲಬೆರಕೆಯೇ ಮುಂದೆ ವಿವಾದಕ್ಕೆ ಕಾರಣವಾಯಿತು. ೨೦೧೪ರಲ್ಲಿ ಕೆಲವು ವಿಜ್ಞಾನಿಗಳು ಕ್ಯಾನಿಯನ್ ಡಯಾಬ್ಲೊದ ಕಾಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿ, ಲಾನ್ಸ್‌ಡೇಲೈಟ್ ಎಂಬ ಪ್ರತ್ಯೇಕ ಖನಿಜವೇ ಇಲ್ಲ, ಸಾಧಾರಣ ವಜ್ರದ ಪದರಗಳು ಅಲ್ಲಲ್ಲಿ ತಪ್ಪಿ ಪೇರಿಸಲ್ಪಟ್ಟು ಆ ಗೆರೆಗಳನ್ನು ಕೊಡುತ್ತವೆಯೆಂದು ವಾದಿಸಿದರು. ೨೦೨೨ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಗೋಲ್ಪಾರಾ ಉಲ್ಕೆಯ ಜಾತಿಗೆ ಸೇರಿದ ಯೂರಿಲೈಟ್ ಉಲ್ಕೆಗಳಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಗಾತ್ರದ ಲಾನ್ಸ್‌ಡೇಲೈಟ್ ಹರಳುಗಳನ್ನು ಕಂಡೆವೆಂದು ಪ್ರಕಟಿಸಿದರು. ೨೦೨೫ರಲ್ಲಿ ಚೀನಾದ ಪ್ರಯೋಗಶಾಲೆಗಳಲ್ಲಿ ಗ್ರಾಫೈಟನ್ನು ಮಹಾ ಒತ್ತಡದಲ್ಲಿ ಕಾಯಿಸಿ ಕಣ್ಣಿಗೆ ಕಾಣುವಷ್ಟು ದೊಡ್ಡ ಷಟ್ಕೋನ ವಜ್ರವನ್ನು ಮಾಡಿದರು. ಅಮ್ಮನವರು ಬದುಕಿದ್ದರೆ ಈ ವಾದದಲ್ಲಿ ತಮ್ಮ ಹೆಸರಿನ ಪಕ್ಷವನ್ನೇ ಹಿಡಿಯುತ್ತಿದ್ದರೆಂದು ನಾವು ನಂಬುವುದಿಲ್ಲ. ಮೊದಲು ಚಿತ್ರಗಳನ್ನು ತರಿಸಿ ಅಳೆಯುತ್ತಿದ್ದರು.

೧೯೬೬ರಲ್ಲಿ ಅವರು ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಸಂಘಕ್ಕೂ, ೧೯೬೮ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿಗೂ ಅಧ್ಯಕ್ಷಿಣಿಯಾದರು. ಎರಡರಲ್ಲಿಯೂ ಆ ಪೀಠವನ್ನೇರಿದ ಮೊದಲ ಸ್ತ್ರೀ ಅವರೇ. ವೃದ್ಧಾಪ್ಯದಲ್ಲಿ ಸಮುದ್ರತೀರದ ಬೆಕ್ಸ್‌ಹಿಲ್ ಎಂಬ ಊರಿನಲ್ಲಿದ್ದುಕೊಂಡು ರೈಲಿನಲ್ಲಿ ಲಂಡನ್ನಿಗೆ ಹೋಗಿ ಬರುತ್ತಿದ್ದರು. ಆ ಕಡೆಯ ವರ್ಷಗಳಲ್ಲಿ ಮನುಷ್ಯರ ಮೂತ್ರಕೋಶದಲ್ಲಿ ಬೆಳೆಯುವ ಕಲ್ಲುಗಳನ್ನು ತರಿಸಿ, ಅವುಗಳಲ್ಲಿ ಯಾವ ಯಾವ ಖನಿಜಗಳಿವೆಯೆಂದು ಉಲ್ಕೆಯನ್ನು ನೋಡುವಷ್ಟೇ ಶ್ರದ್ಧೆಯಿಂದ ಕ್ಷ-ಕಿರಣಗಳಿಂದ ಪರೀಕ್ಷಿಸಿದರು. ೧೯೭೧ರ ಏಪ್ರಿಲ್ ೧ರಂದು, ತಮ್ಮ ೬೮ನೆಯ ವಯಸ್ಸಿನಲ್ಲಿ, ಲಂಡನ್ನಿನ ಆಸ್ಪತ್ರೆಯಲ್ಲಿ ಅರ್ಬುದರೋಗದಿಂದ ತೀರಿಕೊಂಡರು. ಯೂನಿವರ್ಸಿಟಿ ಕಾಲೇಜಿನ ಒಂದು ಕಟ್ಟಡಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಭೂವಿಜ್ಞಾನದ ವಿಭಾಗವು ಇರುವುದು ಅಲ್ಲಿಯೇ.